ಗಾಳಿಯಮ್ಮನ ಮೇಲೆ ಒಂದು ದೂರು

ಅಡುಗೆಮನೆಯ ಮೇಜಿನಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ನಮ್ಮ ಮನೆಯ ಯಜಮಾನ್ರಿಗೆ, ಅಂದ್ರೆ ನಿಮಗೇ ರೀ,

ಹೇಗಿದ್ದೀರಾ? ಬೆನ್ನುನೋವು ಕಮ್ಮಿಯಾಯ್ತಾ? ಅಲ್ಲಿಯ ಹಾಸಿಗೆ ತುಂಬ ಮೆತ್ತಗಿದೆ ಅಂತ ಹೊಗಳಿದ್ರಿ. ಮೆತ್ತಗಿನ ಹಾಸಿಗೆ ನಿಮ್ಮ ಬೆನ್ನಿಗೆ ಆಗಿಬರಲ್ಲ ಅಂತ ಗೊತ್ತಿದ್ದೂ ಗೊತ್ತಿದ್ದೂ ಅದರ ಮೇಲೇ ಬಿದ್ಕೊಂಡಿರ್ತೀರಿ, ನನಗೆ ಗೊತ್ತಿಲ್ವಾ? ನೆಲದ ಮೇಲೆ ಕಂಬಳಿ ಹಾಸ್ಕೊಂಡು ಮಲಗಿ. ಕೆಮ್ಮಿನ ಔಷಧಿ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟಿದ್ದೆ, ಮುಚ್ಚಳ ಬಿಚ್ಚಿರಲಿಕ್ಕಿಲ್ಲ. ಇಲ್ಲಿ ಅತ್ತೆ ಆರಾಮಾಗಿದ್ದಾರೆ, ಮೊಣಕಾಲು ನೋವು ಅಂತ ಗೊಣಗಿಕೊಂಡೇ ದಿನಾ ಶೆಡ್ಡಿನವರೆಗೂ ನಡೆದು ಬಂದು ಸ್ಟೂಲ್ ಹಾಕ್ಕೊಂಡು ಕೂತು ನನ್ನ ಕೆಲಸಕ್ಕೆ ಮಾರ್ಕು ಕೊಡ್ತಾರೆ. ಮಗಳಿಗೆ ಮುಂದಿನ ಹಲ್ಲು ಬಿತ್ತು, ಅದನ್ನ ಅಪ್ಪನಿಗೆ ತೋರಿಸಬೇಕು ಅಂತ ಬೆಂಕಿಪೊಟ್ಟಣದಲ್ಲಿ ಹಾಕಿ ದಿಂಬಿನ ಕೆಳಗೆ ಇಟ್ಕೊಂಡಿದ್ದಾಳೆ. ಇವರಿಬ್ಬರೂ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ. ಯಾಕೆ ಅಂತ ಹೇಳೋಕೇ ಈ ಪತ್ರ. ಫೋನಿನಲ್ಲಿ ಹೇಳೋಣ ಅಂದ್ರೆ ನಿಮ್ಮಮ್ಮ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತಾರೆ. ಗಂಡನ ಮೇಲಿನ ದೂರನ್ನ ಅವರಮ್ಮನ ಎದುರು ಹೇಳೋವಷ್ಟು ದಡ್ಡಿ ಅಲ್ಲ ನಾನು.

ನಿಮ್ಮ ಪತ್ರ ಬಂದಾಗ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಮದುವೆಯಾಗಿ ಇಷ್ಟು ವರ್ಷಕ್ಕೆ ನೀವು ಬರೆದ ಮೊದಲ ಪತ್ರ. ಕೈಯಲ್ಲಿದ್ದ ಗ್ರೀಸ್ ತೊಳ್ಕೊಂಡು, ಸೆರಗಿನಲ್ಲಿ ಒರೆಸಿಕೊಂಡು, ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ಓದಿದೆ. ಮೊದಲನೇ ಸಾಲಿನಲ್ಲಿ 'ಕ್ಷೇಮ'. ಎರಡನೇ ಸಾಲಿನಲ್ಲಿ 'ನಮ್ಮ ಟೀಚರ್'. ಆಮೇಲೆ ಅಲ್ಲಿಂದ ಕೊನೆಯವರೆಗೂ ಟೀಚರ್, ಟೀಚರ್, ಟೀಚರ್! ಟೀಚರ್ ಹೀಗೆ ಹೇಳಿದ್ರು, ಟೀಚರ್ ಹಾಗೆ ತೋರಿಸಿದ್ರು, ಟೀಚರ್ ಚಹಾಕ್ಕೆ ಸಕ್ಕರೆ ಹಾಕ್ಕೊಳ್ಳಲ್ಲ. ಅಲ್ಲಾ ರೀ, ಸ್ಟೀಲ್ ಕತ್ತರಿಸೋ ಹೊಸ ಲೇಸರ್ ಮಿಷನ್ ತಗೊಂಡಿದ್ದೀವಿ, ಅದನ್ನ ಮಾಡಿದ ಕಂಪನಿಯವರೇ ಕಲಿಸಿಕೊಡ್ತಾರೆ, ಹೋಗಿ ಬನ್ನಿ ಅಂತ ನಿಮ್ಮ ಬಟ್ಟೆ ನಾನೇ ಮಡಚಿ ಕಳಿಸಿದ್ದು. ಆಯಮ್ಮ ಚಹಾಕ್ಕೆ ಸಕ್ಕರೆ ಹಾಕ್ಕೋತಾಳೋ ಉಪ್ಪು ಹಾಕ್ಕೋತಾಳೋ, ಅದನ್ನ ಕಟ್ಕೊಂಡು ನನಗೇನಾಗಬೇಕು? ನಾನು ಚಹಾ ಹೇಗೆ ಕುಡೀತೀನಿ ಅಂತ ಯಾರಾದ್ರೂ ಕೇಳಿದ್ರೆ ನೀವು ತಲೆ ಕೆರ್ಕೋತೀರಿ. ಮಿಷನ್ನು ಊದೋ ಗಾಳಿ ಬಗ್ಗೆಯೇ ಪಾಠ ಮಾಡೋ ಆಯಮ್ಮನಿಗೆ ನಾನು ಗಾಳಿಯಮ್ಮ ಅಂತ ಹೆಸರಿಟ್ಟಿದ್ದೀನಿ. ಇನ್ನು ಮೇಲೆ ಹಾಗೇ ಕರೆಯೋದು.

ಇಷ್ಟಕ್ಕೇ ನಿಂತಿದ್ರೆ ಸುಮ್ಮನಿರ್ತಿದ್ದೆ, ನಿಜವಾಗ್ಲೂ. ಆದರೆ ಎರಡನೇ ಹಾಳೆಯಲ್ಲಿ ಬರೆದಿದ್ದೀರಲ್ಲ, ಯಾರೇ ಕತ್ತರಿಸಿದ ತುಂಡನ್ನ ಕೊಟ್ರೂ ಗಾಳಿಯಮ್ಮ ಅದರ ಅಡಿ ಅಂಚಿನ ಮೇಲೆ ಬೆರಳಾಡಿಸಿ, ಕರಗಿದ ಲೋಹವನ್ನ ಊದಿ ತೆಗೆಯೋ ಗಾಳಿ ಎಲ್ಲಿ ಕೈಕೊಟ್ಟಿದೆ ಅಂತ ಹೇಳಿಬಿಡ್ತಾಳೆ, 'ಎಂಥಾ ಕೈ ಅಂತೀಯ!' ಅಂತ. ಅದನ್ನ ಓದಿ ನನ್ನ ಮೈಯೆಲ್ಲ ಉರಿದುಹೋಯ್ತು. ರೀ, ಅದು ನನ್ನ ಕೆಲಸ. ಹಳೇ ಮಿಷನ್ ಬಂದ ದಿನದಿಂದ ನಮ್ಮ ಶೆಡ್ಡಿನಲ್ಲಿ ಯಾವ ಆರ್ಡರ್ ಇದ್ರೂ ಮೊದಲ ತುಂಡು ನನ್ನ ಕೈಗೇ ಬರೋದು. ನಾನು ಒಲೆ ಮುಂದೆ ಇದ್ರೂ ಸರಿ, ಮಗಳಿಗೆ ಜಡೆ ಹಾಕ್ತಾ ಇದ್ರೂ ಸರಿ, ನೀವು ಬಿಸಿ ಬಿಸಿ ತುಂಡನ್ನ ಇಕ್ಕಳದಲ್ಲಿ ಹಿಡ್ಕೊಂಡು ಓಡಿ ಬರ್ತೀರಿ, ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿ 'ಹೂಂ, ನೋಡು' ಅಂತೀರಿ. ನಾನು ಹೆಬ್ಬೆಟ್ಟಿನಲ್ಲಿ ನೋಡಿ 'ಮುಳ್ಳಿದೆ' ಅಂದ್ರೆ ಕೆಲಸ ನಿಲ್ಲುತ್ತೆ, 'ನುಣ್ಣಗಿದೆ' ಅಂದ್ರೆ ನಡೆಯುತ್ತೆ. 'ಹೇಗೆ ಗೊತ್ತಾಗುತ್ತೋ ನಿನಗೆ, ನನಗಂತೂ ಎಲ್ಲಾ ಒಂದೇ ಥರ' ಅಂತ ನಗ್ತಿದ್ರಿ. ಅದೊಂದು ನನಗೆ ಸಿಕ್ಕ ಮರ್ಯಾದೆ ಅಂತ ನಾನು ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಅಲ್ಲಿ ಇನ್ನೊಬ್ಬಳ ಬೆರಳು ಸಿಕ್ಕಿದೆ. ನನ್ನ ಹೆಬ್ಬೆಟ್ಟಿನ ಹೆಸರು ಆ ಅಷ್ಟೂ ಹಾಳೆಯಲ್ಲಿ ಒಂದು ಕಡೆಯೂ ಇಲ್ಲ, ಹುಡುಕಿ ಹುಡುಕಿ ನೋಡಿದೆ.

ಕೊನೆಗೆ ಏನು ಬರೆದಿದ್ದೀರಿ ಅಂತ ನಿಮಗೆ ನೆನಪಿರಲಿಕ್ಕಿಲ್ಲ, ನನಗೆ ಬಾಯಿಪಾಠ ಆಗಿದೆ. 'ನಾನು ಬಂದ ಮೇಲೆ ನೀನು ಮಿಷನ್ ಹತ್ತಿರ ಕಷ್ಟಪಡೋದು ಬೇಡ, ಮೊದಲಿನ ಹಾಗೆ ಪ್ಯಾಕಿಂಗ್ ನೋಡ್ಕೊ. ಅಂಚು ನೋಡೋ ತಾಪತ್ರಯವೂ ತಪ್ಪುತ್ತೆ, ಟೀಚರ್ ಹೇಳಿಕೊಟ್ಟ ಹಾಗೆ ಇಟ್ರೆ ಮುಳ್ಳೇ ಬರಲ್ಲ.' ತಾಪತ್ರಯ ಅಂತೆ! ನೀವು ಹೋದ ಮೇಲೆ ಆ ಹೊಸ ಮಿಷನ್ ನಡೆಸ್ತಾ ಇರೋಳು ನಾನು. ಹೋಗೋ ಮುಂಚೆ ಗಡಿಬಿಡಿಯಲ್ಲಿ ಗುಂಡಿ ಒತ್ತೋದು ತೋರಿಸಿ ಹೋದ್ರಿ, ಮಿಕ್ಕಿದ್ದೆಲ್ಲ ನಾನೇ ತಡಕಾಡಿ ಕಲಿತೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ಅದರ ದೀಪ ಹತ್ತಿಸಿದಾಗ ನನಗೆ ಒಂಥರಾ ಜಂಭ ಬರುತ್ತೆ, ಸುಳ್ಳು ಯಾಕೆ ಹೇಳ್ಲಿ? ಈಗ ನೀವು ಬಂದು, ಆಯಮ್ಮನ ಪಾಠ ಒಪ್ಪಿಸಿ, ನನ್ನನ್ನ ಮತ್ತೆ ರಟ್ಟಿನ ಡಬ್ಬಿಗಳ ಮಧ್ಯೆ ಕೂರಿಸ್ತೀರಿ. ಹೆಬ್ಬೆಟ್ಟಿಗೂ ಕೆಲಸ ಇಲ್ಲ, ನನಗೂ ಕೆಲಸ ಇಲ್ಲ. ನನ್ನ ಹೊಟ್ಟೆ ಉರಿಯದೆ ಇನ್ನೇನಾಗುತ್ತೆ?

ಇನ್ನು ಕೇಳಿ, ಬಿಸ್ಕತ್ತು ಕಾರ್ಖಾನೆಯವರ ಕೆಲಸದ ಕಥೆ. ಆ ದಪ್ಪ ಸ್ಟೀಲಿನ ಪಟ್ಟಿಗಳು ಇವೆಯಲ್ಲ, ಅವುಗಳದ್ದು. ಮೊದಲ ತುಂಡು ತೆಗೆದೆ, ನನ್ನ ಹೆಬ್ಬೆಟ್ಟಿಗೆ ನಾನೇ ಕೊಟ್ಕೊಂಡೆ. ಅಡಿ ಅಂಚಿನ ಉದ್ದಕ್ಕೂ ಮುಳ್ಳು! ಕರಗಿದ ಲೋಹ ಕೆಳಗೆ ಹಾರಿಹೋಗೋದು ಬಿಟ್ಟು ಅಲ್ಲೇ ಜೋತುಬಿದ್ದು ಗಟ್ಟಿಯಾಗಿತ್ತು. ಅವರ ಮೇಸ್ತ್ರಿ ಮೊದಲೇ ಹೇಳಿ ಹೋಗಿದ್ದ, ಪಟ್ಟಿ ತೊಳೆಯೋ ಹೆಂಗಸರ ಕೈ ಕುಯ್ದ್ರೆ ಅಷ್ಟೂ ಮಾಲು ವಾಪಸ್ ಅಂತ. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಲ್ಲ, ಮುಳ್ಳು ಬಂತಾ, ಪ್ರೆಷರ್ ಏರಿಸು. ಗಾಳಿ ಇನ್ನೂ ಜೋರಾಗಿ ಊದಲಿ, ಕರಗಿದ್ದನ್ನೆಲ್ಲ ಒದ್ದು ಹೊರಗೆ ಹಾಕಲಿ ಅಂತ. ಏರಿಸಿದೆ. ಮುಳ್ಳು ಹೆಚ್ಚಾಯ್ತು. ಇನ್ನೂ ಏರಿಸಿದೆ. ಮಿಷನ್ನು ಕಿವಿ ತೂತಾಗೋ ಹಾಗೆ ಕಿರುಚ್ಕೊಳ್ತು, ಗಾಳಿ ಊದೋ ನೈಟ್ರೋಜನ್ ಸಿಲಿಂಡರಿನ ಮೀಟರ್ ನೋಡ್ತಾ ನೋಡ್ತಾ ಕೆಳಗಿಳೀತು, ಅಂಚು ಮಾತ್ರ ಗರಗಸದ ಹಾಗೇ ಇತ್ತು.

ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ಇತ್ತು. ಇದ್ದದ್ದೇ ನನ್ನ ಸಂಕಟ! ಗಾಳಿಯಮ್ಮ ಕನ್ನಡಿ, ದೀಪ ಏನೇನೋ ಜೋಡಿಸಿ, ಕಣ್ಣಿಗೆ ಕಾಣದ ಗಾಳಿಯ ನೆರಳನ್ನ ಗೋಡೆ ಮೇಲೆ ಬೀಳಿಸಿ ತೋರಿಸಿದಳು ಅಂತ ಬರೆದಿದ್ರಲ್ಲ, ಆ ಸಾಲನ್ನ ನಾನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಕೆಳಗೆ ಚಿತ್ರವನ್ನೂ ಬಿಡಿಸಿದ್ರಿ. ನಾವು ಏನಂದ್ಕೊಂಡಿದ್ವಿ, ನಾಝಲ್ಲಿನ ಸಣ್ಣ ತೂತಿಂದ ಗಾಳಿ ನಲ್ಲಿ ನೀರಿನ ಹಾಗೆ ನೆಟ್ಟಗೆ ಲೇಸರ್ ಕೊರೆದ ಸೀಳಿನೊಳಗೆ ಇಳಿಯುತ್ತೆ ಅಂತ. ಅಲ್ಲವಂತೆ. ಮಿತಿ ಮೀರಿ ಪ್ರೆಷರ್ ಕೊಟ್ರೆ ಹೊರಗೆ ಬಂದ ಕೂಡಲೇ ಉಬ್ಬುತ್ತಂತೆ, ಆಮೇಲೆ ಹಿಂಡಿಕೊಳ್ಳುತ್ತಂತೆ, ಮತ್ತೆ ಉಬ್ಬುತ್ತಂತೆ. ಆ ಗಲಾಟೆಯಲ್ಲಿ ಪ್ಲೇಟಿನ ಮೇಲ್ಗಡೆಯೇ ತನಗೆ ತಾನೇ ಒಂದು ಅಡ್ಡಗೋಡೆ ಕಟ್ಕೊಂಡು, ಅದಕ್ಕೇ ಡಿಕ್ಕಿ ಹೊಡೆದು ಜೋರೆಲ್ಲ ಅಲ್ಲೇ ಕಳ್ಕೊಳ್ಳುತ್ತಂತೆ. ಸೀಳಿನ ತಳಕ್ಕೆ ಹೋಗೋದು ಅಳಿದುಳಿದದ್ದು. ಅದಕ್ಕೇ ಪ್ರೆಷರ್ ಇಳಿಸಿ, ದೊಡ್ಡ ತೂತಿನ ನಾಝಲ್ ಹಾಕಿ, ಪ್ಲೇಟಿಗೂ ನಾಝಲ್ಲಿಗೂ ನಡುವಿನ ಸಂದನ್ನ ಸರಿಮಾಡಿ ಅಂತ ಗಾಳಿಯಮ್ಮನ ಅಪ್ಪಣೆ.

ಬೇರೆ ಯಾರಾದ್ರೂ ಹೇಳಿದ್ರೆ ಆ ಕ್ಷಣವೇ ಮಾಡ್ತಿದ್ದೆ. ಆಯಮ್ಮ ಹೇಳಿದ್ದಕ್ಕೆ ಮಾಡಲಿಲ್ಲ. ಬೇಕು ಬೇಕು ಅಂತಲೇ ಪ್ರೆಷರ್ ಇನ್ನೊಂದು ಸುತ್ತು ಏರಿಸಿದೆ, ಆಯಮ್ಮನ ಮಾತು ಸುಳ್ಳಾಗಲಿ ಅಂತ. ಇಡೀ ಸ್ಟೀಲ್ ಹಾಳೆ ಎಕ್ಕುಟ್ಟುಹೋಯ್ತು ರೀ. ಬೈಯೋದಿದ್ರೆ ಬೈಯಿರಿ, ಆದರೆ ನಿಮ್ಮ ಪತ್ರ ಸ್ವಲ್ಪ ಬೇರೆ ಥರ ಇದ್ದಿದ್ರೆ ಆ ಹಾಳೆ ಉಳೀತಿತ್ತು ಅನ್ನೋದು ನೆನಪಿರಲಿ. ಅತ್ತೆ ಸ್ಟೂಲ್ ಮೇಲೆ ಕೂತು ಎಲ್ಲಾ ನೋಡ್ತಾ ಇದ್ರು. ಕೊನೆಗೆ ಅವರೇ 'ಅವಳು ಹೇಳಿದ್ದನ್ನ ಒಂದ್ಸಲ ಮಾಡಿ ನೋಡೇ ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ' ಅಂದ್ರು. ಫೋನಿನಲ್ಲಿ ನೀವು ಹಾಡಿದ ಟೀಚರ್ ಪುರಾಣ ಕೇಳಿ, ನನ್ನ ಮುಖ ನೋಡಿ ಅವರಿಗೆ ಎಲ್ಲಾ ಗೊತ್ತಾಗಿದೆ ಅಂತ ಕಾಣುತ್ತೆ. ನಾನು ಫೋನಿನಲ್ಲಿ ಬಾಯಿ ಕಟ್ಕೊಂಡದ್ದು ವ್ಯರ್ಥ.

ಹಲ್ಲು ಕಚ್ಚಿಕೊಂಡು ಮಾಡಿದೆ. ದೊಡ್ಡ ನಾಝಲ್ ಹಾಕಿದೆ, ಪ್ರೆಷರ್ ಇಳಿಸಿದೆ, ಸಂದು ಸರಿಮಾಡಿದೆ. ಮಿಷನ್ನಿನ ಕಿರುಚಾಟ ನಿಂತು ಬರೀ ಬುಸ್ ಅನ್ನೋ ಸದ್ದು ಉಳೀತು. ತುಂಡು ಕೆಳಗೆ ಬಿತ್ತು. ನೀರಲ್ಲಿ ಅದ್ದಿ ಹೆಬ್ಬೆಟ್ಟು ಇಟ್ಟೆ. ನುಣ್ಣಗೆ! ಗಾಜಿನ ಲೋಟದ ಅಂಚು ಮುಟ್ಟಿದ ಹಾಗೆ. ಖುಷಿಯಾಗಬೇಕಿತ್ತು. ಅದೇನೋ ಅಳು ಬಂದುಬಿಡ್ತು. 'ನುಣ್ಣಗಿದೆ' ಅಂತ ಹೇಳೋಕೆ ಎದುರಿಗೆ ನೀವಿಲ್ಲ, ಗೆದ್ದವಳು ಅವಳು.

ಆಮೇಲೆ ನಾನು ಮಾಡಿದ್ದನ್ನ ಕೇಳಿದ್ರೆ ನಿಮಗೆ ನಗು ಬರುತ್ತೆ. ಬಿಸ್ಕತ್ತಿನವರ ಪಟ್ಟಿಗಳನ್ನ ಮುಗಿಸಿ ಜೋಡಿಸಿಟ್ಟೆ. ಮಗಳು ಶಾಲೆಯಿಂದ ಬರೋಕೆ ಇನ್ನೂ ಹೊತ್ತಿತ್ತು. ಹಾಳಾದ ಆ ಹಾಳೆಯನ್ನೇ ಮೇಲಿಟ್ಟು ಸಣ್ಣ ಸಣ್ಣ ಪಟ್ಟಿ ಕತ್ತರಿಸ್ತಾ ಹೋದೆ. ಆಯಮ್ಮ ಹೇಳಿದ ಉಬ್ಬೋದು ಹಿಂಡಿಕೊಳ್ಳೋದು ನಿಜವಾ ನೋಡೋಣ ಅಂತ ಪ್ರೆಷರನ್ನ ಮತ್ತೆ ಜೋರು ಮಾಡಿದೆ. ಮಿಕ್ಕಿದ್ದು ಏನೂ ಬದಲಾಯಿಸಲಿಲ್ಲ, ನಾಝಲ್ಲನ್ನ ಮಾತ್ರ ಒಂದೊಂದು ಪಟ್ಟಿಗೂ ಕಾಗದದಷ್ಟು ಕಾಗದದಷ್ಟು ಮೇಲಕ್ಕೆ ಎತ್ತುತ್ತಾ ಹೋದೆ. ಎತ್ತರ ಹೆಚ್ಚಿದಷ್ಟೂ ಕೆಡುತ್ತಾ ಹೋಗಬೇಕು ಅಲ್ವಾ? ಹಾಗಾಗಲಿಲ್ಲ ರೀ! ಮೊದಲು ಚೆನ್ನಾಗಿತ್ತು, ಆಮೇಲೆ ಮುಳ್ಳು ಬಂತು, ಇನ್ನೂ ಎತ್ತಿದ್ರೆ ಮುಳ್ಳು ಹೆಚ್ಚುಕಮ್ಮಿ ಮಾಯ, ಮತ್ತೂ ಎತ್ತಿದ್ರೆ ಮತ್ತೆ ಮುಳ್ಳು. ಆ ಪಟ್ಟಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು ಪಕ್ಕದಲ್ಲಿ ನಿಮ್ಮ ಚಿತ್ರ ಇಟ್ಟೆ. ಉಬ್ಬು, ಹಿಂಡು, ಉಬ್ಬು, ಹಿಂಡು. ನನ್ನ ಪಟ್ಟಿಗಳೂ ಹಾಗೇ ಹೇಳ್ತಾ ಇದ್ವು. ಕಣ್ಣಿಗೆ ಕಾಣದ್ದನ್ನ ನಾನು ಹೆಬ್ಬೆಟ್ಟಿನಿಂದ ಓದ್ತಾ ಇದ್ದೆ. ನನಗೆ ಮೈ ಜುಮ್ಮಂತು. ಅತ್ತೆಯನ್ನ ಕೈ ಹಿಡಿದು ಎಳ್ಕೊಂಡು ಬಂದು ತೋರಿಸಿದೆ. ಬಗ್ಗಿ ನೋಡಿ 'ಚೆನ್ನಾಗಿದೆ ಕಣೇ, ಒಣಗಿದ ಬಟ್ಟೆ ಒಳಗೆ ತಂದ್ಯಾ?' ಅಂದ್ರು.

ತಕ್ಷಣ ನಿಮಗೆ ತೋರಿಸಬೇಕು ಅನ್ನಿಸ್ತು. ಫೋನ್ ಕೈಗೆ ತಗೊಂಡೂ ಆಗಿತ್ತು. ಆಮೇಲೆ ನೆನಪಾಯ್ತು, ನಿಮಗೆ ಇದನ್ನ ಗೋಡೆಯಷ್ಟು ದೊಡ್ಡದಾಗಿ ತೋರಿಸಿದವಳು ಅಲ್ಲೇ ಇದ್ದಾಳೆ. ನಾನು ನೆಲದ ಮೇಲೆ ಇಟ್ಕೊಂಡು ಕೂತ ಗುಜರಿಯನ್ನ ಯಾರು ನೋಡ್ತಾರೆ? ಫೋನ್ ಕೆಳಗಿಟ್ಟೆ. ಅವತ್ತು ನಿಮ್ಮ ಕರೆ ಬಂದಾಗ ತಲೆನೋವು ಅಂತ ಅತ್ತೆ ಕೈಗೇ ಕೊಟ್ಟೆ. ಅದು ತಲೆನೋವಲ್ಲ ಅಂತ ಈಗಲಾದ್ರೂ ತಿಳ್ಕೊಳ್ಳಿ.

ನೀವು ತಪ್ಪು ತಿಳ್ಕೋಬೇಡಿ, ನಿಮ್ಮ ನಡತೆ ಮೇಲೆ ನನಗೆ ಅನುಮಾನ ಇಲ್ಲ. ನಿಮ್ಮಂಥ ಮುಗ್ಧರನ್ನ ಕಟ್ಕೊಂಡು ಅನುಮಾನ ಪಟ್ರೆ ಅನುಮಾನಕ್ಕೇ ಅವಮಾನ. ಆದರೆ ಊಟದ ಹೊತ್ತಿನಲ್ಲಿ ತಟ್ಟೆ ಪಕ್ಕದಲ್ಲಿ ಸ್ಟೀಲ್ ತುಂಡು ಇಟ್ಕೊಂಡು ನಾವಿಬ್ಬರೂ ಕಿತ್ತಾಡ್ತಿದ್ವಲ್ಲ, ಅತ್ತೆ 'ಅನ್ನ ಆರೋಗುತ್ತೆ, ಕಬ್ಬಿಣ ಆಮೇಲೆ ತಿನ್ನಿ' ಅಂತ ಗದರುತ್ತಿದ್ರಲ್ಲ, ಆ ಮಾತುಕತೆ ಈಗ ನೀವು ಬೇರೆಯವರ ಹತ್ತಿರ ಆಡ್ತಾ ಇದ್ದೀರಿ. ನನಗೆ ಅದೇ ತಡೆಯೋಕಾಗ್ತಿಲ್ಲ. ಸೀರೆ ಒಡವೆ ಯಾರಿಗೆ ಕೊಡಿಸಿದ್ರೂ ಇಷ್ಟು ಉರೀತಿರಲಿಲ್ಲ. ಅದಕ್ಕೇ ನೇರವಾಗಿ ಕೇಳ್ತೀನಿ, ನೇರವಾಗಿ ಉತ್ತರ ಕೊಡಿ. ನೀವು ಬಂದ ಮೇಲೆ ಆ ಶೆಡ್ಡಿನಲ್ಲಿ ನನ್ನ ಜಾಗ ಯಾವುದು? ಮಿಷನ್ ಹತ್ತಿರವಾ, ಡಬ್ಬಿಗಳ ಹತ್ತಿರವಾ? ಮೊದಲ ತುಂಡು ಹಿಡ್ಕೊಂಡು ನೀವು ಓಡಿ ಬರೋದು ನನ್ನ ಹತ್ತಿರವಾ, ಇಲ್ಲಾ ಗಾಳಿಯಮ್ಮನ ಪಾಠದ ಹತ್ತಿರವಾ? 'ಬಂದ ಮೇಲೆ ನೋಡೋಣ' ಅಂತ ಜಾರಿಕೊಳ್ಳೋ ಹಾಗಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡಿ, ಔಷಧಿ ಕುಡೀರಿ, ನೆಲದ ಮೇಲೆ ಮಲಗಿ. ಅತ್ತೆ ಆಶೀರ್ವಾದ ಬರೆಯೋಕೆ ಹೇಳಿದ್ದಾರೆ, ಜೊತೆಗೆ ಬನಿಯನ್ನು ದಿನಾ ಬದಲಾಯಿಸು ಅಂತಲೂ. ಮಗಳು ಹಲ್ಲಿನ ಜಾಗದಿಂದ ಗಾಳಿ ಊದಿ ಸೀಟಿ ಹೊಡೆಯೋದು ಕಲಿತಿದ್ದಾಳೆ, ಬಂದ ಮೇಲೆ ಕೇಳಿಸ್ತಾಳಂತೆ. ನನ್ನಿಂದ ಏನೂ ಇಲ್ಲ. ಇದೆ, ಇಲ್ಲ ಅಂದದ್ದು ಕೋಪಕ್ಕೆ.

ಇಂತಿ,
ಇನ್ನೂ ಉರಿಯುತ್ತಲೇ ಇರುವ
ನಿಮ್ಮ ಹೆಂಡತಿ

ಮರೆತ ಮಾತು: ಸೋಮವಾರ ಬೆಳಿಗ್ಗೆ. ನಿಂತ್ಕೊಂಡೇ ಬರೀತಿದ್ದೀನಿ, ಟಪಾಲಿನವನು ಬರೋ ಹೊತ್ತಾಯ್ತು. ನೀವು ಬರೆದ ಹಾಳೆಯ ತಲೆ ಮೇಲೆ ಅಲ್ಲಿಯ ಫೋನ್ ನಂಬರ್ ಅಚ್ಚಾಗಿತ್ತಲ್ಲ, ಅದಕ್ಕೆ ಈಗಷ್ಟೇ ಫೋನ್ ಮಾಡಿದೆ, ಗಾಳಿ ಪಾಠ ಮಾಡೋ ಟೀಚರನ್ನೇ ಕರೀರಿ ಅಂದೆ. ಚೆನ್ನಾಗಿ ನಾಲ್ಕು ಮಾತು ಅಂದುಬಿಡೋಣ ಅಂತಲೇ ಮಾಡಿದ್ದು. ಆಯಮ್ಮ 'ಹೇಳಿ' ಅಂದ ಕೂಡಲೇ ನನ್ನ ಬಾಯಿಂದ ಬಂದದ್ದು 'ನಾಝಲ್ ಎತ್ತುತ್ತಾ ಹೋದ್ರೆ ಕೆಟ್ಟ ಮೇಲೆ ಎರಡನೇ ಸಲ ಅಂಚು ಚೆನ್ನಾಗಿ ಬರುತ್ತಲ್ಲ, ಅದನ್ನ ನೀವೂ ನೋಡಿದ್ದೀರಾ?' ಫೋನ್ ಬಿಸಿಯಾಗಿ ಕಿವಿ ಸುಡೋವರೆಗೂ ಮಾತಾಡಿದ್ವಿ. ಕೊನೆಗೆ ನಾನು ಯಾರು ಅಂತ ಗೊತ್ತಾಗಿ ಆಯಮ್ಮ ನಕ್ಕಿದ್ದೇ ನಕ್ಕಿದ್ದು. 'ನಿಮ್ಮ ಯಜಮಾನ್ರು ಒಂದು ತುಂಡನ್ನೂ ಮುಟ್ಟಿ ನೋಡಲ್ಲಮ್ಮಾ. ಅದು ನನ್ನ ಹೆಂಡತಿ ನೋಡೋದು, ನನಗೆ ತಿಳಿಯಲ್ಲ ಅಂತ ನನ್ನ ಕೈಗೆ ಕೊಟ್ಟು ನಿಂತ್ಕೋತಾರೆ. ಹೀಗಾದ್ರೆ ಅವರನ್ನ ಪಾಸ್ ಮಾಡೋದು ಹೇಗೆ?' ಅಂತ ನನ್ನನ್ನೇ ಕೇಳಿದ್ರು. ಅದನ್ನ ಪತ್ರದಲ್ಲಿ ಬರೆಯೋಕೆ ನಿಮಗೇನಾಗಿತ್ತು ರೀ?

ನನ್ನ ಹೊಟ್ಟೆಕಿಚ್ಚು ಆರಿದೆ ಅಂತ ತಿಳೀಬೇಡಿ. ಅದು ಆಯಮ್ಮನ ಮೇಲೆ ಅಲ್ಲವೇ ಅಲ್ಲ, ನಿಮ್ಮ ಮೇಲೆ ಅಂತ ಈಗ ಗೊತ್ತಾಯ್ತು. ಗೋಡೆ ಮೇಲೆ ಆ ಗಾಳಿ ನೋಡಿದವರು ನೀವು, ನಾನಲ್ಲ. ನನಗೂ ಅದು ಕಾಣಬೇಕು. ಅಲ್ಲಿ ಕಲಿಯೋಕೆ ಹೋಗೋ ಮುಂದಿನ ತಂಡಕ್ಕೆ ನನ್ನ ಹೆಸರು ಕೊಟ್ಟಾಗಿದೆ, ಅತ್ತೆ ಒಪ್ಪಿ ಆಗಿದೆ, ನೀವು ಬಂದ ಮಾರನೇ ದಿನ ನಾನು ಹೊರಡ್ತೀನಿ. ನಾನು ಬರೋವರೆಗೂ ಮಗಳ ಜಡೆ, ಮನೆ, ಮಿಷನ್ ಎಲ್ಲಾ ನಿಮ್ಮದು, ಮೊದಲ ತುಂಡಿನ ಅಂಚೂ ನಿಮ್ಮದೇ. ಹೆಬ್ಬೆಟ್ಟನ್ನ ಅಂಚಿನ ಉದ್ದಕ್ಕೆ ಎಳೀಬೇಡಿ, ಕುಯ್ಯುತ್ತೆ. ಒಳಗಿನಿಂದ ಹೊರಕ್ಕೆ, ಅಡ್ಡಕ್ಕೆ, ಮೆಲ್ಲಗೆ ಆಡಿಸಿ.